ಅಂಕಿ ಒಂದು ಹೇಳಿ ಅಕ್ಷರ ಇನ್ನೊಂದು ಹೇಳಿದರೆ

ಚೆಕ್ಕಿನಲ್ಲಿ ಅಂಕಿ ಒಂದು, ಅಕ್ಷರ ಇನ್ನೊಂದು ಹೇಳಿದರೆ ಯಾವುದು ಲೆಕ್ಕಕ್ಕೆ? 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 18ನೇ ಸೆಕ್ಷನ್ ಪ್ರಕಾರ ಅಕ್ಷರದಲ್ಲಿರುವುದೇ. ಬಿಲ್ಲಿಂಗ್ ಸಾಫ್ಟ್‌ವೇರ್ ಬರೆಯುವ ನಾನು ‘ಅಮೌಂಟ್ ಇನ್ ವರ್ಡ್ಸ್’ ಸಾಲನ್ನು ಎರಡೆರಡು ಸಲ ನೋಡುವುದು ಅದಕ್ಕೇ.

ಅಂಕಿಯನ್ನು ಅಕ್ಷರಕ್ಕೆ ತಿರುಗಿಸುವ ಪ್ರೋಗ್ರಾಂಗೆ ಇಂಗ್ಲಿಷ್‌ನಲ್ಲಿ ಬೇಕಾದ ಪದಗಳು ಕಡಿಮೆ. ಜೀರೋದಿಂದ ನೈನ್‌ಟೀನ್‌ವರೆಗೆ 20, ಟ್ವೆಂಟಿಯಿಂದ ನೈಂಟಿವರೆಗಿನ ಹತ್ತುಗಳು 8, ಜೊತೆಗೆ ಹಂಡ್ರೆಡ್, ಥೌಸಂಡ್, ಲ್ಯಾಕ್, ಕ್ರೋರ್. ಒಟ್ಟು 32. ಕನ್ನಡಕ್ಕೆ ಇಷ್ಟು ಸಾಲದು. ಇಪ್ಪತ್ತೊಂದು, ಇನ್ನೂರು, ಒಂಬೈನೂರು ಹೀಗೆ ನಮ್ಮ ಪದಗಳು ಬೆಸೆದುಕೊಂಡೇ ಬರುತ್ತವೆ.

40,15,013 ತೆಗೆದುಕೊಳ್ಳಿ. ಲಕ್ಷದಿಂದ ಭಾಗಿಸಿದರೆ 40, ಉಳಿದದ್ದು 15,013. ಅದನ್ನು ಸಾವಿರದಿಂದ ಭಾಗಿಸಿದರೆ 15, ಉಳಿದದ್ದು 13. ಜೋಡಿಸಿದರೆ ‘ಫಾರ್ಟಿ ಲ್ಯಾಕ್ ಫಿಫ್ಟೀನ್ ಥೌಸಂಡ್ ಥರ್ಟೀನ್’. ಹೊಸಬರು ಎಡವುವುದು ಇಲ್ಲೇ. 13ನ್ನೂ ಒಡೆದು ‘ಟೆನ್ ತ್ರೀ’ ಮಾಡಿಬಿಡುತ್ತಾರೆ. 20ರ ಒಳಗಿನದನ್ನು ಒಡೆಯಬಾರದು, ಪಟ್ಟಿಯಿಂದ ನೇರವಾಗಿ ಎತ್ತಿಕೊಳ್ಳಬೇಕು. ಕೋಟಿಯ ಜಾಗದಲ್ಲಿ 250 ಬಂದರೆ ಆ 250ನ್ನು ಈ ಕೆಲಸ ಮಾಡುವ ಅದೇ ಫಂಕ್ಷನ್‌ಗೆ, ಅಂದರೆ ಪ್ರೋಗ್ರಾಂನ ಅದೇ ತುಣುಕಿಗೆ, ಮತ್ತೆ ಕೊಟ್ಟರೆ ಸಾಕು.

ಎಕ್ಸೆಲ್‌ನಲ್ಲಿ ಥಾಯ್ ಭಾಷೆಗೆ ‘ಬಾತ್‌ಟೆಕ್ಸ್ಟ್’ ಎಂಬ ಸಿದ್ಧ ಫಂಕ್ಷನ್ ಇದೆ. ಇಂಗ್ಲಿಷ್‌ಗೆ ಮೈಕ್ರೋಸಾಫ್ಟ್ ಕೊಡುವುದು ‘ಸ್ಪೆಲ್‌ನಂಬರ್’ ಎಂಬ ಮ್ಯಾಕ್ರೋ, ಅಂದರೆ ನಾವೇ ಸೇರಿಸಿಕೊಳ್ಳಬೇಕಾದ ಪುಟ್ಟ ಪ್ರೋಗ್ರಾಂ. ಅದಕ್ಕೆ ಹತ್ತು ಲಕ್ಷ ಕೊಟ್ಟರೆ ‘ಒನ್ ಮಿಲಿಯನ್ ಡಾಲರ್ಸ್’ ಅನ್ನುತ್ತದೆ. ಸುಮ್ನೆ ಡಾಲರ್ ತೆಗೆದು ರುಪೀಸ್ ಹಾಕಿದರೆ ಆಗಲ್ಲ. ಅದು ಮೂರು ಮೂರು ಅಂಕಿಯಾಗಿ ಕತ್ತರಿಸುತ್ತದೆ. ನಮ್ಮಲ್ಲಿ ಕೊನೆಯ ಮೂರು ಬಿಟ್ಟರೆ ಮುಂದೆ ಎರಡೆರಡು, ಅಲ್ವಾ?

ನನ್ನನ್ನು ಜಾಸ್ತಿ ಕಾಡಿದ್ದು ಪೈಸೆ. ಒಂದು ಅಂಗಡಿಗೆ ನಾನು ಮಾಡಿಕೊಟ್ಟ ಬಿಲ್ಲಿನಲ್ಲಿ ಅಂಕಿ 19.99 ಇತ್ತು, ಅಕ್ಷರದಲ್ಲಿ ‘ನೈಂಟಿ ಎಯ್ಟ್ ಪೈಸೆ’. ತಪ್ಪು ನನ್ನದೇ. ಕಂಪ್ಯೂಟರ್ 19.99ನ್ನು ಸೊನ್ನೆ-ಒಂದುಗಳಲ್ಲಿ ಕರಾರುವಾಕ್ಕಾಗಿ ಇಟ್ಟುಕೊಳ್ಳಲಾರದು. 100ರಿಂದ ಗುಣಿಸಿದರೆ 1998.9999999999998 ಬರುತ್ತದೆ. ದಶಾಂಶವನ್ನು ಕತ್ತರಿಸಿದ ಕೂಡಲೇ ಒಂದು ಪೈಸೆ ಮಾಯ. ಅಂದಿನಿಂದ ಹಣವನ್ನು ಮೊದಲಿಂದ ಕೊನೆಯವರೆಗೂ ಪೈಸೆಯ ಪೂರ್ಣ ಸಂಖ್ಯೆಯಾಗಿಯೇ ಇಡುತ್ತೇನೆ. ರೂಪಾಯಿ ಬೇಕಾದಾಗ 100ರಿಂದ ಭಾಗಿಸಿ, ಶೇಷವನ್ನು ಪೈಸೆಯಾಗಿ ತೆಗೆದುಕೊಳ್ಳುತ್ತೇನೆ.

ಪ್ರೋಗ್ರಾಂ ಬಳಕೆಗೆ ಬಿಡುವ ಮುಂಚೆ 0, 13, 40, 1,00,005 ಇವನ್ನು ಕೊಟ್ಟು ನೋಡಿ. 40ರ ಇಂಗ್ಲಿಷ್ ಸ್ಪೆಲ್ಲಿಂಗ್‌ನಲ್ಲಿ ‘ಯು’ ಇಲ್ಲ, ಫೋರ್‌ನಲ್ಲಿದೆ. ‘ಒನ್ ಲ್ಯಾಕ್ ಫೈವ್’ ನಡುವೆ ‘ಜೀರೋ ಥೌಸಂಡ್’ ನುಸುಳಬಾರದು. ಜೀರೋ ಎಂಬ ಪದ ಬರಬೇಕಾದದ್ದು ಇಡೀ ಮೊತ್ತವೇ ಸೊನ್ನೆಯಾಗಿದ್ದಾಗ ಮಾತ್ರ.