ಪದ ಪರಿಚಯ: ವ್ಯಾಲೆಟ್ ಫೈಲ್

ವ್ಯಾಲೆಟ್‌ಗೆ ರಾಯಚೂರಿನ ಕಡೆ ಪಾಕೀಟು ಎನ್ನುತ್ತೇವೆ. ಪಾಕೀಟು ಎಂದ ಮೇಲೆ ಅದರೊಳಗೆ ನೋಟು ಇರಬೇಕೆಂಬುದು ಸಹಜವಾದ ಎಣಿಕೆ. ಕ್ರಿಪ್ಟೋ ಕರೆನ್ಸಿಯ ವಿಷಯದಲ್ಲಿ ಮೊದಲ ತಪ್ಪು ತಿಳಿವಳಿಕೆ ಹುಟ್ಟುವುದು ಇಲ್ಲಿಂದಲೇ. ವ್ಯಾಲೆಟ್ ಫೈಲ್‌ನಲ್ಲಿ ಬಿಟ್‌ಕಾಯಿನ್‌ನ ಒಂದು ಚೂರೂ ಇರುವುದಿಲ್ಲ. ಇರುವುದು ಕೀಲಿಕೈಗಳು ಮಾತ್ರ. ಈ ಒಂದು ಸಂಗತಿಯನ್ನು ಗಟ್ಟಿಯಾಗಿ ಹಿಡಿದುಕೊಂಡರೆ, ಬ್ಯಾಕಪ್ ಎಂದರೇನು, ಕಳೆದ ಫೈಲನ್ನು ಮರಳಿ ಪಡೆಯುವುದೆಂದರೆ ಏನನ್ನು ಮರಳಿ ಪಡೆಯುವುದು ಎಂಬ ಪ್ರಶ್ನೆಗಳು ತಾವಾಗಿ ಬಿಡಿಸಿಕೊಳ್ಳುತ್ತವೆ.

ಹತ್ತಿ ಮಾರಿದ ರೈತನ ಹಣ ದಲಾಲರ ಖಾತೆ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಬರೆದಿರುತ್ತದೆ. ಅವನ ಜೇಬಿನಲ್ಲಿ ಇರುವುದು ಒಂದು ಚೀಟಿ ಮಾತ್ರ. ಬಿಟ್‌ಕಾಯಿನ್‌ನ ಲೆಕ್ಕವೂ ಬ್ಲಾಕ್‌ಚೈನ್ ಎಂಬ ಇಂಥದೊಂದು ಖಾತೆ ಪುಸ್ತಕದಲ್ಲಿದೆ. ಆದರೆ ಆ ಪುಸ್ತಕ ಒಬ್ಬ ದಲಾಲರ ಅಂಗಡಿಯಲ್ಲಿ ಇಲ್ಲ, 2009ರ ಜನವರಿ 3ರ ಮೊದಲ ಬ್ಲಾಕ್‌ನಿಂದ, ಎಂದರೆ ಮೊದಲ ಪುಟದಿಂದ, ಇಂದಿನವರೆಗಿನ ಅದರ ಪೂರ್ಣ ಪ್ರತಿ ಜಗತ್ತಿನ ಸಾವಿರಾರು ಕಂಪ್ಯೂಟರ್‌ಗಳಲ್ಲಿದೆ. ಅದರಲ್ಲಿ ಯಾರ ಹೆಸರೂ ಇಲ್ಲ, ಅಕ್ಷರ ಅಂಕಿಗಳ ಉದ್ದನೆಯ ಸಾಲುಗಳಾದ ವಿಳಾಸಗಳಿವೆ. ಒಂದು ವಿಳಾಸದ ಮೊತ್ತವನ್ನು ಕದಲಿಸಲು ಆ ವಿಳಾಸಕ್ಕೆ ಹೊಂದುವ ಖಾಸಗಿ ಕೀಲಿಯಿಂದ ಸಹಿ ಬೀಳಬೇಕು. ಖಾಸಗಿ ಕೀಲಿ ಎಂಬುದು 256 ಬಿಟ್‌ಗಳ ಒಂದು ಸಂಖ್ಯೆ. ದಶಮಾಂಶದಲ್ಲಿ ಬರೆದರೆ ಅದು 78 ಅಂಕಿಗಳವರೆಗೆ ಸಾಗಬಹುದಾದ್ದರಿಂದ ಊಹಿಸಿ ಕಂಡುಹಿಡಿಯುವ ಮಾತೇ ಇಲ್ಲ. ಅಂಥ ಸಂಖ್ಯೆಗಳನ್ನು ಜೋಪಾನ ಮಾಡುವ ಕಡತವೇ ವ್ಯಾಲೆಟ್ ಫೈಲ್. ನಾಣ್ಯ ಕೊಡುಕೊಳ್ಳುವಿಕೆ ನಡೆಸುವ ಎಕ್ಸ್‌ಚೇಂಜ್ ಕಂಪನಿಯ ಮೊಬೈಲ್ ಆ್ಯಪ್‌ನಲ್ಲಿ ಮಾತ್ರ ನಾಣ್ಯ ಇಟ್ಟಿರುವವರ ಬಳಿ ಈ ಫೈಲ್ ಇರುವುದೇ ಇಲ್ಲ. ಅವರ ಕೀಲಿಗಳೆಲ್ಲ ಎಕ್ಸ್‌ಚೇಂಜ್‌ನ ವಶದಲ್ಲಿರುತ್ತವೆ.

ಬಿಟ್‌ಕಾಯಿನ್ ಕೋರ್ ಎಂಬ ಮೂಲ ತಂತ್ರಾಂಶದಲ್ಲಿ ಈ ಕಡತಕ್ಕೆ ವ್ಯಾಲೆಟ್.ಡ್ಯಾಟ್ ಎಂದು ಹೆಸರು. ವಿಂಡೋಸ್‌ನಲ್ಲಿ ಅದು ಆ್ಯಪ್‌ಡೇಟಾದ ಒಳಗಿನ ಬಿಟ್‌ಕಾಯಿನ್ ಫೋಲ್ಡರ್‌ನಲ್ಲಿ ಅಡಗಿ ಕೂತಿರುತ್ತದೆ, ಆ್ಯಪ್‌ಡೇಟಾ ಸಾಮಾನ್ಯವಾಗಿ ಕಣ್ಣಿಗೆ ಕಾಣದ ಫೋಲ್ಡರ್. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಫೋಟೋ ಇಷ್ಟನ್ನು ಕಾಪಿ ಮಾಡಿಕೊಂಡು ಕಂಪ್ಯೂಟರ್ ಫಾರ್ಮ್ಯಾಟ್ ಮಾಡಿಸುವ ನಮ್ಮ ರೂಢಿಯಲ್ಲಿ ಮೊದಲು ಹೋಗುವುದೂ ಅದೇ.

ರಾಯಚೂರಿನಲ್ಲಿ ಕಂಪ್ಯೂಟರ್ ದುರಸ್ತಿಯ ಕೆಲಸ ಮಾಡುವ ನನ್ನ ಬಳಿಗೆ ಮಾನ್ವಿ ಕಡೆಯ ಒಬ್ಬರು ಹಳೆಯ ಲ್ಯಾಪ್‌ಟಾಪ್ ಒಂದನ್ನೂ ಮುಚ್ಚಳವಿಲ್ಲದ ಪೆನ್‌ಡ್ರೈವ್ ಒಂದನ್ನೂ ತಂದಿದ್ದರು. 2014ರಲ್ಲಿ ಬೆಂಗಳೂರಿನಲ್ಲಿ ಓದುವಾಗ ಒಂದಿಷ್ಟು ಬಿಟ್‌ಕಾಯಿನ್ ಕೊಂಡಿದ್ದರು. ಮುಂದೆ ತಮ್ಮನ ಓದಿಗೆಂದು ಅದೇ ಲ್ಯಾಪ್‌ಟಾಪ್ ಫಾರ್ಮ್ಯಾಟ್ ಆಗಿ, ಆರು ವರ್ಷ ಬಳಕೆಯಾಗಿತ್ತು. ಹಾರ್ಡ್ ಡಿಸ್ಕ್‌ನಲ್ಲಿ ಏನೂ ಸಿಗಲಿಲ್ಲ. ಪೆನ್‌ಡ್ರೈವ್‌ನಲ್ಲಿ ಆಗಿನ ವ್ಯಾಲೆಟ್.ಡ್ಯಾಟ್‌ನ ಒಂದು ಪ್ರತಿ ಇತ್ತು. ಅದನ್ನು ತೆರೆದಾಗ ಮೊದಲ ಸಲ ಬಂದ ಮೊತ್ತ ಕಾಣಿಸಿತು, ಎರಡನೆಯ ಸಲದ್ದು ಕಾಣಿಸಲಿಲ್ಲ. ಪ್ರತಿ ಹಾಳಾಗಿರಬೇಕೆಂದು ಅವರು ತಿಳಿದರು. ಪ್ರತಿ ಹಾಳಾಗಿರಲಿಲ್ಲ, ಹಳತಾಗಿತ್ತು.

ಹಳತಾಗುವುದೆಂದರೇನು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಆ ಕಾಲದ ತಂತ್ರಾಂಶ ಮುಂದೆ ಬೇಕಾಗಬಹುದಾದ 100 ಕೀಲಿಗಳನ್ನು ಮೊದಲೇ ತಯಾರಿಸಿ ಫೈಲ್‌ನಲ್ಲಿ ಇಟ್ಟುಕೊಳ್ಳುತ್ತಿತ್ತು. ಹೊಸ ವಿಳಾಸ ಕೇಳಿದಾಗಲೆಲ್ಲ ಅದರಿಂದ ಒಂದು ಖರ್ಚಾಗುತ್ತಿತ್ತು. ಇಷ್ಟೇ ಅಲ್ಲ, ಯಾರಿಗಾದರೂ ಹಣ ಕಳಿಸಿದಾಗ ಉಳಿದ ಚಿಲ್ಲರೆ ಹಳೆಯ ವಿಳಾಸಕ್ಕೆ ಮರಳದೆ ಹೊಸದೊಂದು ವಿಳಾಸಕ್ಕೆ ಹೋಗುವುದರಿಂದ, ಬಳಸುವವರ ಅರಿವಿಗೆ ಬಾರದೆಯೂ ಕೀಲಿಗಳು ಖಾಲಿಯಾಗುತ್ತಿದ್ದವು. ನೂರು ಮುಗಿದ ಮೇಲೆ ಹುಟ್ಟಿದ ಕೀಲಿಗಳು ಹಳೆಯ ಬ್ಯಾಕಪ್‌ನಲ್ಲಿ ಇರಲು ಸಾಧ್ಯವಿಲ್ಲ. ನಮ್ಮ ಗಿರಾಕಿಯ ವಿಷಯದಲ್ಲಿ ನೂರು ಮುಗಿದಿರಲಿಲ್ಲ, ಆದದ್ದು ಬೇರೆ. ಪ್ರತಿ ತೆಗೆದಿಟ್ಟ ಮೇಲೆ ಅವರು ವ್ಯಾಲೆಟ್‌ಗೆ ಪಾಸ್‌ವರ್ಡ್ ಹಾಕಿದ್ದರು. 2011ರಲ್ಲಿ ಪಾಸ್‌ವರ್ಡ್ ಸೌಲಭ್ಯ ಬಂದ ಮೇಲಿನ ಆವೃತ್ತಿಗಳು, ಬೀಗವಿಲ್ಲದ ಫೈಲ್‌ನಲ್ಲಿ ಕಾದಿದ್ದ ಕೀಲಿಗಳನ್ನು ನಂಬದೆ, ಪಾಸ್‌ವರ್ಡ್ ಹಾಕಿದ ಗಳಿಗೆಯಲ್ಲಿ ಆ ಸಾಲನ್ನೆಲ್ಲ ಬದಿಗಿಟ್ಟು ಹೊಸದಾಗಿ ತಯಾರಿಸುತ್ತಿದ್ದವು. ಹಳೆಯ ಬ್ಯಾಕಪ್ ಇನ್ನು ಕೆಲಸಕ್ಕೆ ಬಾರದು ಎಂದು ತೆರೆಯ ಮೇಲೆ ಎಚ್ಚರಿಕೆಯೂ ಬರುತ್ತಿತ್ತು, ಅದನ್ನು ಓದದೆ ಓಕೆ ಒತ್ತುವವರೇ ಹೆಚ್ಚು. ಎರಡನೆಯ ಮೊತ್ತ ಆ ಹೊಸ ಸಾಲಿನ ಕೀಲಿಯೊಂದಕ್ಕೆ ಬಂದಿತ್ತು. ಆ ಕೀಲಿ ಲ್ಯಾಪ್‌ಟಾಪ್‌ನ ಜೊತೆಗೇ ಅಳಿದಿತ್ತು.

ಫಾರ್ಮ್ಯಾಟ್ ಆದ ಡಿಸ್ಕ್‌ನಲ್ಲಿ ಯಾವಾಗಲೂ ಏನೂ ಸಿಗುವುದಿಲ್ಲವೆಂದಲ್ಲ. ನಮ್ಮ ಹಳ್ಳಿಗಳಲ್ಲಿ ಜೋಳ ತುಂಬಿಡುತ್ತಿದ್ದ ಹಗೇವನ್ನು ನೆನೆಯಿರಿ. ಬಾಯಿ ಮುಚ್ಚಿ ಮಣ್ಣು ಮೆತ್ತಿದ ಮೇಲೆ ಗುರುತಿಗೆ ಇಟ್ಟ ಕಲ್ಲನ್ನು ಯಾರೋ ಎತ್ತಿ ಒಗೆದರೆ ಜೋಳ ಎಲ್ಲೂ ಹೋಗುವುದಿಲ್ಲ. ಅದೇ ಜಾಗದಲ್ಲಿ ಇನ್ನೊಬ್ಬರು ಅಗೆಯುವವರೆಗೆ ಒಳಗೇ ಇರುತ್ತದೆ. ಹಾರ್ಡ್ ಡಿಸ್ಕ್‌ನಲ್ಲಿ ಫೈಲ್ ಅಳಿಸುವುದೂ ಗುರುತಿನ ಕಲ್ಲು ತೆಗೆಯುವುದೇ ಹೊರತು ಜೋಳ ಖಾಲಿ ಮಾಡುವುದಲ್ಲ. ಆದ್ದರಿಂದ ವ್ಯಾಲೆಟ್ ಅಳಿಸಿಹೋಗಿದೆ ಎಂದು ತಿಳಿದ ಕ್ಷಣ ಕಂಪ್ಯೂಟರ್ ಆರಿಸಬೇಕು, ಆ ಡಿಸ್ಕ್ ಮೇಲೆ ಹೊಸದೇನನ್ನೂ ಬರೆಯಬಾರದು, ರಿಕವರಿ ತಂತ್ರಾಂಶವನ್ನು ಅದೇ ಡಿಸ್ಕ್‌ಗೆ ಇಳಿಸಿಕೊಳ್ಳುವ ತಪ್ಪನ್ನಂತೂ ಮಾಡಲೇಬಾರದು. ಡಿಸ್ಕ್ ಕಳಚಿ, ಅದರ ಪೂರ್ತಿ ಪ್ರತಿಬಿಂಬವನ್ನು ಬೇರೊಂದು ಡಿಸ್ಕ್‌ಗೆ ತೆಗೆದುಕೊಂಡು, ಹುಡುಕಾಟವನ್ನೆಲ್ಲ ಆ ಪ್ರತಿಬಿಂಬದ ಮೇಲೆ ನಡೆಸಬೇಕು. ತಿರುಗುವ ತಟ್ಟೆಯ ಬದಲು ಚಿಪ್‌ಗಳಿರುವ ಎಸ್‌ಎಸ್‌ಡಿ ಡಿಸ್ಕ್‌ನಲ್ಲಿ ಈ ಆಸೆ ಕಡಿಮೆ. ಅಳಿಸಿದ ಜಾಗವನ್ನು ಟ್ರಿಮ್ ಎಂಬ ಆದೇಶದ ಮೂಲಕ ಅದು ತಾನೇ ತೆರವು ಮಾಡಿಕೊಳ್ಳುತ್ತದೆ. ಬ್ರಿಟನ್ನಿನ ನ್ಯೂಪೋರ್ಟ್‌ನ ಜೇಮ್ಸ್ ಹೋವೆಲ್ಸ್ ಅವರದು ಇದಕ್ಕೂ ಮುಂದಿನ ಸಂಕಟ: ಸುಮಾರು 8,000 ಬಿಟ್‌ಕಾಯಿನ್‌ಗಳ ಕೀಲಿಯಿದ್ದ ಅವರ ಹಾರ್ಡ್ ಡಿಸ್ಕ್ 2013ರಲ್ಲಿ ಊರ ಕಸದ ರಾಶಿ ಸೇರಿತು, ಅದನ್ನು ಅಗೆಯಲು ಅವರು ಹೂಡಿದ ದಾವೆಯನ್ನು ಅಲ್ಲಿನ ಹೈಕೋರ್ಟ್ 2025ರ ಜನವರಿಯಲ್ಲಿ ತಳ್ಳಿಹಾಕಿತು.

ಫೈಲ್ ಇದೆ, ಪಾಸ್‌ವರ್ಡ್ ಮರೆತಿದೆ ಎಂಬುದು ಇನ್ನೊಂದು ಬಗೆಯ ತೊಂದರೆ. ಪಾಸ್‌ವರ್ಡ್ ಮುಚ್ಚುವುದು ಖಾಸಗಿ ಕೀಲಿಗಳನ್ನು ಮಾತ್ರ. ವಿಳಾಸಗಳೂ ಅವುಗಳಲ್ಲಿನ ಮೊತ್ತವೂ ಪಾಸ್‌ವರ್ಡ್ ಇಲ್ಲದೆಯೂ ಕಾಣುತ್ತವೆ. ಹಣ ಕಂಡಿತಲ್ಲ, ಇನ್ನೇನು ಕೈಗೆ ಬಂದಂತೆಯೇ ಎಂದು ಅನೇಕರು ಮೋಸಹೋಗುವುದು ಇಲ್ಲಿಯೇ. ಮರುಹೊಂದಿಸಿ ಕೊಡಲು ಬ್ಯಾಂಕಿನ ಶಾಖೆಯಂಥದ್ದು ಯಾವುದೂ ಇಲ್ಲ. ಬಿಟಿಸಿರಿಕವರ್, ಹ್ಯಾಶ್‌ಕ್ಯಾಟ್ ಮುಂತಾದ ತಂತ್ರಾಂಶಗಳು ಒಂದೊಂದೇ ಪಾಸ್‌ವರ್ಡ್ ಹಾಕಿ ನೋಡುತ್ತವೆ, ಆದರೆ ಪ್ರತಿ ಯತ್ನವೂ ನಿಧಾನವಾಗುವಂತೆ ವ್ಯಾಲೆಟ್ ಅನ್ನೇ ರಚಿಸಲಾಗಿದೆ. ಅರ್ಧ ಪಾಸ್‌ವರ್ಡ್ ನೆನಪಿದ್ದರೆ, ಊರ ಹೆಸರೂ ಹುಟ್ಟಿದ ವರ್ಷವೂ ಸೇರಿತ್ತೆಂಬ ಸುಳಿವಾದರೂ ಇದ್ದರೆ, ಪ್ರಯತ್ನಕ್ಕೆ ಅರ್ಥವಿದೆ. ಹಳೆಯ ಫೈಲ್ ತೆರೆಯುವವರು ಇನ್ನೊಂದನ್ನೂ ಗಮನಿಸಬೇಕು: ಮೊದಲಿನ ಫೈಲ್‌ಗಳು ಬರ್ಕ್ಲಿ ಡಿಬಿ ಎಂಬ ರೂಪದಲ್ಲಿದ್ದವು, ಈಗಿನವು ಎಸ್‌ಕ್ಯೂಲೈಟ್ ರೂಪದಲ್ಲಿವೆ, 2025ರಲ್ಲಿ ಬಂದ ಬಿಟ್‌ಕಾಯಿನ್ ಕೋರ್‌ನ 30ನೆಯ ಆವೃತ್ತಿ ಹಳೆಯ ರೂಪವನ್ನು ನೇರವಾಗಿ ತೆರೆಯುವುದಿಲ್ಲ, ಹೊಸ ರೂಪಕ್ಕೆ ಪರಿವರ್ತಿಸಿಕೊಳ್ಳಬೇಕಾಗುತ್ತದೆ.

ಮತ್ತೆ ಮತ್ತೆ ಬ್ಯಾಕಪ್ ಮಾಡುವ ಈ ಕಾಟವನ್ನು ತಪ್ಪಿಸಿದ್ದು ಸೀಡ್, ಎಂದರೆ ಬೀಜ. ಈ ಹೆಸರು ಮಾತ್ರ ನಮ್ಮ ಸೀಮೆಗೆ ಚೆನ್ನಾಗಿ ಒಗ್ಗುತ್ತದೆ: ಒಂದೇ ಬೀಜದಿಂದ ಎಷ್ಟು ಕೀಲಿಗಳನ್ನಾದರೂ ಅದೇ ಕ್ರಮದಲ್ಲಿ ಮತ್ತೆ ಬೆಳೆಸಬಹುದು. 2013ರ ಬಿಪ್-39 ಎಂಬ ಕ್ರಮದಲ್ಲಿ ಆ ಬೀಜವನ್ನು 2,048 ಪದಗಳ ಪಟ್ಟಿಯಿಂದ ಆಯ್ದ 12 ಅಥವಾ 24 ಪದಗಳಾಗಿ ಬರೆಯಲಾಗುತ್ತದೆ, ಕೊನೆಯ ಪದದಲ್ಲಿ ತಾಳೆ ನೋಡುವ ಅಂಶವೂ ಸೇರಿರುತ್ತದೆ. ಕನ್ನಡದ ಪಟ್ಟಿ ಇಲ್ಲ. ಇಂಗ್ಲಿಷ್ ಪದಗಳನ್ನು ಕನ್ನಡ ಲಿಪಿಯಲ್ಲಿ ಬರೆದಿಡುವವರನ್ನು ಕಂಡಿದ್ದೇನೆ, ಅದು ಅಪಾಯ. ಬಲಗಡೆ ಎಂಬ ಅರ್ಥದ ರೈಟ್, ಬರೆ ಎಂಬ ಅರ್ಥದ ರೈಟ್ ಎರಡೂ ಆ ಪಟ್ಟಿಯಲ್ಲಿವೆ, ನಮ್ಮ ಲಿಪಿಯಲ್ಲಿ ಎರಡೂ ಒಂದೇ. ಇಂಗ್ಲಿಷ್ ಅಕ್ಷರಗಳಲ್ಲೇ, ಕ್ರಮಸಂಖ್ಯೆ ಹಾಕಿ, ಯಾವ ತಂತ್ರಾಂಶ ಕೊಟ್ಟ ಪದಗಳೆಂಬುದನ್ನೂ ಜೊತೆಗೆ ಬರೆದಿಡಬೇಕು. ಎಲೆಕ್ಟ್ರಮ್ ಮುಂತಾದ ವ್ಯಾಲೆಟ್ ತಂತ್ರಾಂಶಗಳ ಪದಕ್ರಮ ಬಿಪ್-39ಕ್ಕಿಂತ ಬೇರೆ. ಕಾಗದಕ್ಕೆ ಗೆದ್ದಲಿನ ಭಯವಿದ್ದರೆ ಸ್ಟೀಲ್ ತಟ್ಟೆ ಒಳ್ಳೆಯದು. ಪಾತ್ರೆ ಅಂಗಡಿಗಳಲ್ಲಿ ಮದುವೆಯ ಪಾತ್ರೆಗೆ ಹೆಸರು ಕೊರೆಯುವ ಪುಟ್ಟ ಯಂತ್ರ ಇರುತ್ತದಲ್ಲ, ಅದು ಸಾಕು. ಆದರೆ ಯಂತ್ರವನ್ನು ಎರವಲು ತಂದು ಮನೆಯಲ್ಲಿ ತಾವೇ ಕೊರೆಯಬೇಕು, ಅಂಗಡಿಯವರ ಕೈಗೆ ಪದಗಳನ್ನು ಕೊಡುವುದು ಪೆಟ್ಟಿಗೆಯನ್ನೇ ಕೊಟ್ಟಂತೆ. ಆ ಪದಗಳ ಫೋಟೋ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ತಮಗೆ ತಾವೇ ಕಳಿಸಿಕೊಳ್ಳುವುದೂ ಹಾಗೆಯೇ. ಎರಡು ಪ್ರತಿ ಒಂದೇ ಮನೆಯಲ್ಲಿ ಇರಬಾರದೆಂದು 2009ರ ನೆರೆಯನ್ನು ಕಂಡ ಜಿಲ್ಲೆಯವರಿಗೆ ವಿವರಿಸಬೇಕಿಲ್ಲ.

ವ್ಯಾಲೆಟ್ ಫೈಲ್‌ನ ಪ್ರತಿ ತೆಗೆಯುವವರು ತಂತ್ರಾಂಶ ಓಡುತ್ತಿರುವಾಗ ಫೋಲ್ಡರ್‌ನಿಂದ ಎಳೆದು ಕಾಪಿ ಮಾಡದೆ, ಮೆನುವಿನಲ್ಲಿರುವ ಬ್ಯಾಕಪ್ ಆಯ್ಕೆಯನ್ನೇ ಬಳಸಬೇಕು. ಬರೆಯುತ್ತಿರುವ ಮಧ್ಯದಲ್ಲಿ ತೆಗೆದ ಪ್ರತಿ ಅರೆಬರೆಯಾಗಬಹುದು. ಮರಳಿ ಪಡೆದುಕೊಡುತ್ತೇವೆಂದು ಪದಗಳನ್ನೋ ಫೈಲನ್ನೋ ಮೊದಲು ಕಳಿಸಿರೆನ್ನುವವರನ್ನು ನಂಬಬಾರದು. ಪದಗಳು ಸಿಕ್ಕವರಿಗೆ ನಿಮ್ಮ ಅನುಮತಿ ಬೇಕಾಗುವುದಿಲ್ಲ. ಹಣ ಹೋಗಿದ್ದರೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ಕೊಡಬಹುದು.

ಪರೀಕ್ಷೆ ಮಾಡದ ಪ್ರತಿಯನ್ನು ನಾನು ಬ್ಯಾಕಪ್ ಎಂದು ಎಣಿಸುವುದಿಲ್ಲ. ಮೊತ್ತ ಚಿಕ್ಕದಿರುವಾಗಲೇ ಬೇರೊಂದು ಕಂಪ್ಯೂಟರ್‌ನಲ್ಲಿ ಅದನ್ನು ತೆರೆದು, ಪಾಸ್‌ವರ್ಡ್ ಹಾಕಿ, ಅತಿ ಸಣ್ಣ ಮೊತ್ತವೊಂದನ್ನು ಕಳಿಸಿ ನೋಡಬೇಕು. ಬಿಟ್‌ಕಾಯಿನ್ ಕೋರ್‌ನಲ್ಲಿ ಇದಕ್ಕೆ 600 ಜಿಬಿಗೂ ಹೆಚ್ಚಿನ ಬ್ಲಾಕ್‌ಚೈನ್ ಇಳಿಯಬೇಕಾದ್ದರಿಂದ ನಮ್ಮ ಇಂಟರ್ನೆಟ್ ವೇಗದಲ್ಲಿ ಕೆಲವು ದಿನ ಹಿಡಿಯುತ್ತದೆ. ಮಾನ್ವಿಯವರ ಮೊದಲ ಮೊತ್ತ ಕಾಣಿಸಿಕೊಂಡದ್ದು ಹನ್ನೊಂದನೆಯ ದಿನ.