ಕೋಲಾರದ ಕಂಪನಿಗಳಲ್ಲಿ ಜನ ಯಾಕೆ ರಜೆ ಹಾಕುತ್ತಾರೆ?

ನರಸಾಪುರ, ವೇಮಗಲ್, ಮಾಲೂರು ಕಡೆ ಯಾವ ಸೂಪರ್‌ವೈಸರ್‌ನ ಕೇಳಿದರೂ ಒಂದೇ ದೂರು. ಹೊಸತೊಡಕಿನ ದಿನ ಲೈನ್ ಖಾಲಿ, ರಾಗಿ ಕೊಯ್ಲು ಬಂದರೆ ಹುಡುಗರು ನಾಪತ್ತೆ, ಇವರಿಗೆ ಜವಾಬ್ದಾರಿನೇ ಇಲ್ಲ ಅಂತ. ನಾನು ಇದನ್ನು ಒಪ್ಪಲ್ಲ. ಬಂದವರನ್ನು ಎಣಿಸೋದನ್ನು ನಮ್ಮ ಜಿಲ್ಲೆ ಚೆನ್ನಾಗಿ ಕಲಿತಿದೆ, ಬಾರದವರನ್ನು ಯಾಕಪ್ಪಾ ಬರಲಿಲ್ಲ ಅಂತ ಕೇಳಿದ್ದು ಮಾತ್ರ ಕಡಿಮೆ.

ಈ ಎಣಿಸೋದು ಶುರುವಾಗಿದ್ದು ಕೆಜಿಎಫ್‌ನ ಚಿನ್ನದ ಗಣಿಯಲ್ಲಿ. 1880ರಲ್ಲಿ ಜಾನ್ ಟೇಲರ್ ಕಂಪನಿ ಗಣಿ ವಹಿಸಿಕೊಂಡ ಮೇಲೆ ಉತ್ತರ ಆರ್ಕಾಟ್, ಚಿತ್ತೂರು ಕಡೆಯ ಹಳ್ಳಿಗಳಿಂದ ಸಾವಿರಾರು ಜನ ಬಂದರು, ಹೆಚ್ಚಿನವರು ದಲಿತರು. 1930ರಲ್ಲಿ ಕೆಲಸಗಾರರ ಬೆರಳಚ್ಚು ತೆಗೆದುಕೊಳ್ಳಲು ಹೊರಟಾಗ ಗಣಿ ಪೂರ್ತಿ ನಿಂತುಹೋಯಿತು, ಅಷ್ಟು ದೊಡ್ಡ ಮುಷ್ಕರ. ಅದೇ ಹೊತ್ತಿಗೆ ಬ್ರಿಟಿಷ್ ಸರ್ಕಾರ ನೇಮಿಸಿದ್ದ ವಿಟ್ಲಿ ಆಯೋಗ 1931ರ ವರದಿಯಲ್ಲಿ ಒಂದು ಒಳ್ಳೆಯ ಮಾತು ಹೇಳಿತು: ಕಾರ್ಮಿಕನಿಗೂ ಅವನ ಹಳ್ಳಿಗೂ ಇರುವ ನಂಟನ್ನು ಕಡಿಯಬೇಡಿ, ಅದನ್ನು ಒಂದು ಕ್ರಮಕ್ಕೆ ತನ್ನಿ. ಆದರೆ 1936ರ ವೇತನ ಪಾವತಿ ಕಾಯ್ದೆಯಲ್ಲಿ ಹತ್ತು ಜನ ಮಾತಾಡಿಕೊಂಡು ನೋಟಿಸ್ ಕೊಡದೆ ಗೈರಾದರೆ ಎಂಟು ದಿನದವರೆಗಿನ ಕೂಲಿ ಹಿಡಿಯಬಹುದು ಅನ್ನೋ ನಿಯಮ ಸೇರಿತು.

ಗಣಿ 2001ರಲ್ಲಿ ಮುಚ್ಚಿತು. ಹಾಜರಿಯ ಜಗಳ ಮುಗಿಯಲಿಲ್ಲ. 2020ರ ಡಿಸೆಂಬರ್‌ನಲ್ಲಿ ನರಸಾಪುರದಲ್ಲಿ ಐಫೋನ್ ತಯಾರಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಗಲಾಟೆ ಆಯ್ತಲ್ವಾ, ಗಾಜು ಒಡೆದಿದ್ದು ಎಲ್ಲರಿಗೂ ನೆನಪಿದೆ. ಹಾಜರಿ ದಾಖಲಿಸುವ ವ್ಯವಸ್ಥೆಯೇ ಸರಿಯಿರಲಿಲ್ಲ, ದುಡಿದ ದಿನ ಸಂಬಳದ ಲೆಕ್ಕಕ್ಕೆ ಬಂದಿರಲಿಲ್ಲ ಅಂತ ಕಾರ್ಖಾನೆಗಳ ಇಲಾಖೆ ವರದಿ ಕೊಟ್ಟಿದ್ದು ಎಷ್ಟು ಜನಕ್ಕೆ ನೆನಪಿದೆಯೋ.

ಈಗ ಮನೆ ಕಡೆ ನೋಡಿ. ಇಲ್ಲಿ ಕಂಪನಿ ಕೆಲಸಕ್ಕೆ ಹೋಗುವ ಎಷ್ಟೋ ಹುಡುಗರಿಗೆ ಒಂದೆರಡು ಎಕರೆ ಟೊಮೆಟೊ ಇರುತ್ತೆ. ತ್ರೀ ಫೇಸ್ ಕರೆಂಟ್ ರಾತ್ರಿ ಕೊಟ್ಟರೆ ರಾತ್ರಿಯೇ ನೀರು ಹಾಯಿಸಬೇಕು, ಬೆಳಗ್ಗೆ ಕಂಪನಿ ಬಸ್ ಹಳ್ಳಿ ಗೇಟಿಗೆ ಬರೋ ಹೊತ್ತಿಗೆ ಅವನು ಆಗಷ್ಟೇ ಮಲಗಿರ್ತಾನೆ, ಆ ಬಸ್ ತಪ್ಪಿದರೆ ಆ ದಿನ ಹೋದಂತೆಯೇ. 2023ರ ಜುಲೈನಲ್ಲಿ 15 ಕೆಜಿ ಬಾಕ್ಸ್ 2,000 ರೂಪಾಯಿ ದಾಟಿದಾಗ ಹಣ್ಣು ಬಿಡಿಸೋದು ಬಿಟ್ಟು ಯಾರು ಶಿಫ್ಟಿಗೆ ಹೋಗ್ತಾರೆ? ಹೆಣ್ಣುಮಕ್ಕಳದ್ದು ಇನ್ನೂ ಕಷ್ಟ. ಮಗುವಿಗೆ ಜ್ವರ ಬಂದರೆ, ಅತ್ತೆ ಬಿದ್ದರೆ, ಮನೆಯಲ್ಲಿ ಉಳಿಯೋದು ಅವರೇ. ಅಟೆಂಡೆನ್ಸ್ ಬೋನಸ್ ಇರುವ ಕಡೆ ಆ ಒಂದು ದಿನಕ್ಕೆ ಕೂಲಿಯ ಜೊತೆ ತಿಂಗಳ ಬೋನಸ್ಸೂ ಹೋಗುತ್ತೆ.

ಹುಷಾರಿಲ್ಲದವರಿಗೆ ಇಎಸ್‌ಐ, ಅಂದರೆ ಕಾರ್ಮಿಕರ ಸರ್ಕಾರಿ ವಿಮೆ, ಇದೆಯಲ್ಲ ಅಂತಾರೆ. ಇದೆ, ಕೂಲಿಯ ಶೇ. 70, ವರ್ಷಕ್ಕೆ 91 ದಿನದವರೆಗೆ. ಆದರೆ ಮೊದಲ ಎರಡು ದಿನಕ್ಕೆ ಸಾಮಾನ್ಯವಾಗಿ ದುಡ್ಡು ಸಿಗಲ್ಲ. ನಮ್ಮಲ್ಲಿ ಜ್ವರ ಬಂದವರು ಮೂರನೇ ದಿನ ಮಾತ್ರೆ ನುಂಗಿ ಕೆಲಸಕ್ಕೆ ಹೋಗೋರೇ ಜಾಸ್ತಿ, ಹಾಗಾಗಿ ಅವರ ಪಾಲಿಗೆ ಈ ಸೌಲಭ್ಯ ಇದ್ದೂ ಇಲ್ಲ.

ಸಂಬಳದ ರಜೆಯ ಕಥೆಯೂ ಹೀಗೇ. 1948ರ ಕಾರ್ಖಾನೆ ಕಾಯ್ದೆ ಪ್ರಕಾರ ವರ್ಷಕ್ಕೆ 240 ದಿನ ದುಡಿದವರಿಗಷ್ಟೇ ಗಳಿಕೆ ರಜೆ ಸಿಗುತ್ತಿತ್ತು, 20 ದಿನಕ್ಕೆ ಒಂದು. ಅಂದರೆ ರಜೆ ತುಂಬಾ ಬೇಕಾದವರಿಗೇ ಅದು ಸಿಗೋದು ಕಷ್ಟವಾಗಿತ್ತು. 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆ ಆ 240ನ್ನು 180ಕ್ಕೆ ಇಳಿಸಿದೆ. ಅದೇ ತಿಂಗಳು ರಾಜ್ಯ ಸರ್ಕಾರ ಮಹಿಳೆಯರಿಗೆ ಮುಟ್ಟಿನ ದಿನಗಳಿಗೆ ತಿಂಗಳಿಗೊಂದರಂತೆ ವರ್ಷಕ್ಕೆ 12 ಸಂಬಳದ ರಜೆ ಅಂತ ಆದೇಶ ಮಾಡಿತು. ಎರಡೂ ಬೇಕಾಗಿದ್ದವೇ, ನನಗೆ ಖುಷಿಯಿದೆ. ಆದರೆ ಕಂಟ್ರಾಕ್ಟ್ ಮೇಲೆ ದುಡಿಯುವ ಹುಡುಗಿಯನ್ನು ವರ್ಷದ ಮಧ್ಯೆ ಬೇರೆ ಕಂಟ್ರಾಕ್ಟರ್ ಹೆಸರಿಗೆ ಹಾಕಿ, ಹೊಸ ಐಡಿ ಕಾರ್ಡ್ ಕೊಟ್ಟು, ಎಣಿಕೆಯನ್ನು ಮತ್ತೆ ಒಂದರಿಂದ ಶುರು ಮಾಡಿದರೆ ಅವಳಿಗೆ 180 ಕೂಡ ದೂರವೇ. ಕಾರ್ಮಿಕ ಇಲಾಖೆ ಮೊದಲು ನೋಡಬೇಕಾದ್ದು ಆ ಕಾರ್ಡಿನ ಮೇಲಿರುವ ತಾರೀಕನ್ನು.