ಬಿಸಿಯೂಟದ ತಟ್ಟೆ: ಬೆಳೆದವರು ಯಾರು, ಬೇಯಿಸಿದವರು ಯಾರು?

ಶಾಲೆಯಲ್ಲಿ ಮಕ್ಕಳಿಗೆ ಮೊಟ್ಟೆ ಕೊಡಬೇಕೇ ಬೇಡವೇ ಎಂಬುದು ಒಂದು ಜಗಳ. ಅನ್ನಭಾಗ್ಯದ ಅಕ್ಕಿ ಐದು ಕೆ.ಜಿ.ಯೋ ಹತ್ತೋ ಎಂಬುದು ಇನ್ನೊಂದು. ಬಿಸಿಯೂಟದ ಅಡುಗೆಯವರು ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಧರಣಿ ಕೂತರೆ ಅದು ಮೂರನೆಯ ಸುದ್ದಿ. ರಾಗಿ ಖರೀದಿ ಕೇಂದ್ರದ ಮುಂದೆ ನಿಂತ ಟ್ರ್ಯಾಕ್ಟರ್‌ಗಳ ಸಾಲು ಜಿಲ್ಲಾ ಪುಟದ ಚಿತ್ರವಾಗಿ ಬಂದು ಹೋಗುತ್ತದೆ. ಶಿಕ್ಷಣ, ಆಹಾರ, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ, ಕೃಷಿ ಎಂದು ನಾಲ್ಕು ಇಲಾಖೆಗಳ ಕಡತಗಳಲ್ಲಿ ಇವು ಬೇರೆ ಬೇರೆಯಾಗಿ ಕೂತಿವೆ. ಹಾಗಾಗಿ ಒಂದನ್ನು ಹಿಡಿದವರಿಗೆ ಇನ್ನೊಂದು ಕಾಣುವುದಿಲ್ಲ. ಹಳ್ಳಿಯ ಸರ್ಕಾರಿ ಶಾಲೆಯ ಮಗುವಿನ ತಟ್ಟೆಯಲ್ಲಿ ಮಾತ್ರ ನಾಲ್ಕೂ ಒಟ್ಟಿಗೆ ಬಂದು ಬೀಳುತ್ತವೆ.

ಹಿಂದಕ್ಕೆ ಹೋದರೆ ಈ ದಾರಿ ಶುರುವಾಗುವುದು ಹೊಲದಿಂದ. ಭೂಮಿ ಇಲ್ಲದವನಿಗೆ ಮಳೆಗಾಲದ ಹಸಿವಿನ ತಿಂಗಳುಗಳಲ್ಲಿ ಕಾಳು ಸಿಗುತ್ತಿದ್ದದ್ದು ಧಣಿಯ ಕಣಜದಿಂದ, ಸಾಲವಾಗಿ. ಆ ಸಾಲ ತೀರಿಸಲು ಜೀತ. ಜೀತಪದ್ಧತಿ ರದ್ದತಿ ಕಾಯ್ದೆ ಬಂದದ್ದು 1976ರಲ್ಲಿ. ಅದಕ್ಕೆ ಎರಡು ವರ್ಷ ಮೊದಲು, ದೇವರಾಜ ಅರಸು ಅವರ ಕಾಲದಲ್ಲಿ, ಭೂಸುಧಾರಣಾ ಕಾಯ್ದೆಗೆ ದೊಡ್ಡ ತಿದ್ದುಪಡಿಯಾಗಿ ಗೇಣಿದಾರರು ಹೊಲದೊಡೆಯರಾದರು. ಗೇಣಿಗೆ ಹೊಲ ಹಿಡಿಯುವಷ್ಟೂ ಬಲವಿಲ್ಲದೆ ಬರೀ ಕೂಲಿ ಮಾಡುತ್ತಿದ್ದ ದಲಿತ ಕುಟುಂಬಗಳಲ್ಲಿ ಹೆಚ್ಚಿನವುಗಳ ಕೈಗೆ ಅದರಿಂದ ಬಂದದ್ದು ಅಷ್ಟಕ್ಕಷ್ಟೆ. ಉಣ್ಣುವ ಕಾಳಿಗೆ ಪರರ ಕಣ ನೋಡುವ ಸ್ಥಿತಿ ಅವರ ಪಾಲಿಗೆ ಮುಂದುವರಿಯಿತು. ಮುಂದೆ ಬಂದ ರೇಷನ್ ಅಕ್ಕಿ, ಬಿಸಿಯೂಟ, ಅಂಗನವಾಡಿ ಊಟ ಎಲ್ಲವೂ ಈ ಕೊರತೆಯ ಮೇಲೆ ನಿಂತಿವೆ ಎಂಬುದನ್ನು ಮರೆತರೆ ಉಳಿದ ಕಥೆ ಅರ್ಥವಾಗದು.

ಹೊಲದಲ್ಲಿ ಇನ್ನೊಂದು ಬದಲಾವಣೆಯೂ ನಡೆದಿತ್ತು. ಹಸಿರು ಕ್ರಾಂತಿಯ ಸಬ್ಸಿಡಿ, ನೀರಾವರಿ, ಖರೀದಿ ವ್ಯವಸ್ಥೆ ಹೆಚ್ಚಾಗಿ ಒಲಿದದ್ದು ಭತ್ತ ಮತ್ತು ಗೋಧಿಗೆ. ಮಳೆಯನ್ನೇ ನಂಬಿದ ರಾಗಿ, ಜೋಳ, ನವಣೆ ಬೆಳೆಯುವವರು ಬಹುಪಾಲು ಸಣ್ಣ ಹಿಡುವಳಿದಾರರು. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ ಸಿ.ಎಚ್. ಲಕ್ಷ್ಮಣಯ್ಯ ಭಾರತದ ಮತ್ತು ಆಫ್ರಿಕದ ರಾಗಿ ತಳಿಗಳನ್ನು ಕೂಡಿಸಿ ರೂಪಿಸಿದ ಇಂಡಾಫ್ ತಳಿಗಳು ಈ ನಾಡಿನ ರಾಗಿ ಇಳುವರಿಯನ್ನೇ ಬದಲಿಸಿದವು. ಒಬ್ಬ ವಿಜ್ಞಾನಿ ಇಷ್ಟು ಜನರ ಹೊಟ್ಟೆ ತುಂಬಿಸಿದ ಉದಾಹರಣೆಗಳು ಹೆಚ್ಚಿಲ್ಲ, ಅವರ ಹೆಸರು ನಮ್ಮ ಪಠ್ಯಗಳಲ್ಲಿ ಇನ್ನಷ್ಟು ಕಾಣಬೇಕಿತ್ತು. ಆದರೆ ಇಳುವರಿ ಹೆಚ್ಚಿದರೂ ನ್ಯಾಯಬೆಲೆ ಅಂಗಡಿಯ ಚೀಲದಲ್ಲಿ ಬಂದದ್ದು ಅಕ್ಕಿ, ಗೋಧಿ. ರಾಗಿ ಬೆಳೆದವರು ಅದನ್ನು ಮಾರಿ ಅಕ್ಕಿ ಉಣ್ಣುವ ಕಾಲ ಬಂತು.

ಶಾಲೆಯ ಊಟದ ಕಥೆ ಮದ್ರಾಸಿನಿಂದ ಆರಂಭವಾಗುತ್ತದೆ. 1920ರ ದಶಕದಲ್ಲಿ ಅಲ್ಲಿನ ಕಾರ್ಪೊರೇಷನ್ ಶಾಲೆಗಳಲ್ಲಿ ಮಾಡಿದ ಪ್ರಯೋಗ, ಕಾಮರಾಜರ ಕಾಲದ ವಿಸ್ತರಣೆ, 1982ರಲ್ಲಿ ಎಂ.ಜಿ.ಆರ್. ಸರ್ಕಾರದ ಪೌಷ್ಟಿಕ ಊಟದ ಯೋಜನೆ. ಕೇಂದ್ರ ಸರ್ಕಾರ ಇದಕ್ಕೆ ಕೈಹಾಕಿದ್ದು 1995ರ ಆಗಸ್ಟ್ 15ರಂದು. ಕರ್ನಾಟಕ ಸೇರಿ ಬಹುತೇಕ ರಾಜ್ಯಗಳಲ್ಲಿ ಅದು ಊಟವಾಗಿ ಬರಲಿಲ್ಲ, ಹಾಜರಾತಿ ಇದ್ದ ಮಗುವಿಗೆ ತಿಂಗಳಿಗೆ 3 ಕೆ.ಜಿ. ಧಾನ್ಯವಾಗಿ ಬಂತು. ಆ ಅಕ್ಕಿ ಮನೆಯ ಡಬ್ಬಕ್ಕೆ ಸೇರಿ ಮನೆಮಂದಿಯೆಲ್ಲ ಉಂಡರು. ಹಸಿದ ಮನೆಯಲ್ಲಿ ಅದರಲ್ಲಿ ತಪ್ಪೇನಿಲ್ಲ. ಆದರೆ ಮಧ್ಯಾಹ್ನದ ಹೊತ್ತು ಶಾಲೆಯಲ್ಲಿದ್ದ ಮಗು ಹಸಿದೇ ಇತ್ತು.

2001ರಲ್ಲಿ ರಾಜಸ್ಥಾನ ಬರದಲ್ಲಿತ್ತು. ಭಾರತೀಯ ಆಹಾರ ನಿಗಮದ ಗೋದಾಮುಗಳಲ್ಲಿ 5 ಕೋಟಿ ಟನ್‌ಗೂ ಹೆಚ್ಚು ಧಾನ್ಯವಿತ್ತು. ಈ ವೈಪರೀತ್ಯವನ್ನು ಮುಂದಿಟ್ಟುಕೊಂಡು ಪಿಯುಸಿಎಲ್ ಎಂಬ ನಾಗರಿಕ ಹಕ್ಕುಗಳ ಸಂಘಟನೆ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ಅದೇ ವರ್ಷ ನವೆಂಬರ್ 28ರಂದು ಬಂದ ಮಧ್ಯಂತರ ಆದೇಶ ಸ್ಪಷ್ಟವಾಗಿತ್ತು: ಸರ್ಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಗಳಲ್ಲಿ ಬೇಯಿಸಿದ ಊಟವನ್ನೇ ಕೊಡಬೇಕು, ದಿನಕ್ಕೆ ಕನಿಷ್ಠ 300 ಕ್ಯಾಲರಿ ಮತ್ತು 8ರಿಂದ 12 ಗ್ರಾಂ ಪ್ರೋಟೀನ್, ವರ್ಷಕ್ಕೆ ಕನಿಷ್ಠ 200 ದಿನ. ಕೃಪೆಯಿಂದ ಕೊಡುತ್ತಿದ್ದದ್ದು ಅಂದಿನಿಂದ ಹಕ್ಕಾಯಿತು. 2013ರ ಆಹಾರ ಭದ್ರತಾ ಕಾಯ್ದೆ ಅದಕ್ಕೆ ಶಾಸನದ ಮುದ್ರೆ ಒತ್ತಿತು.

ಕರ್ನಾಟಕದಲ್ಲಿ ಅಕ್ಷರ ದಾಸೋಹ ಎಂಬ ಹೆಸರಿನ ಬಿಸಿಯೂಟ ಯೋಜನೆ 2002ರಲ್ಲಿ ಈಶಾನ್ಯ ಭಾಗದ ಜಿಲ್ಲೆಗಳಿಂದ ಶುರುವಾಗಿ ಮರುವರ್ಷ ಉಳಿದೆಡೆಗೆ ಹರಡಿತು. ಈ ಘಟ್ಟದಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಇಡೀ ಯೋಜನೆಯ ಗುಣ ತೀರ್ಮಾನವಾದದ್ದು ಶಾಲೆಯ ಹಿಂಬದಿಯ ಆ ಪುಟ್ಟ ಅಡುಗೆಕೋಣೆಯಲ್ಲಿ.

ನೂರು ಮಕ್ಕಳಿರುವ ಶಾಲೆ ಎಂದಿಟ್ಟುಕೊಳ್ಳಿ. ನಿಯಮದಂತೆ ಇಬ್ಬರು ಅಡುಗೆಯವರು. ಬೆಳಿಗ್ಗೆ ಹಾಜರಿ ಹಾಕಿದ ಮೇಲೆ ಶಿಕ್ಷಕರು ಇಂದು ಎಷ್ಟು ಮಕ್ಕಳು ಎಂದು ಹೇಳುತ್ತಾರೆ, ಅದರಂತೆ ಅಕ್ಕಿ ಅಳೆಯುವುದು. ಒಂದರಿಂದ ಐದನೇ ತರಗತಿಯ ಮಗುವಿಗೆ 100 ಗ್ರಾಂ, ಮೇಲಿನ ತರಗತಿಗೆ 150 ಗ್ರಾಂ. ಬೇಳೆ 20 ಗ್ರಾಂ, ತರಕಾರಿ 50 ಗ್ರಾಂ, ಎಣ್ಣೆ 5 ಗ್ರಾಂ, ದೊಡ್ಡ ಮಕ್ಕಳಿಗೆ ಇವೂ ಒಂದೂವರೆ ಪಟ್ಟು. ಅಕ್ಕಿಯಲ್ಲಿ ಕಲ್ಲು, ಹುಳು ಆರಿಸಬೇಕು. ನೀರು ಬಾರದ ದಿನ ಬೋರ್‌ವೆಲ್‌ನಿಂದ ಬಿಂದಿಗೆಯಲ್ಲಿ ಹೊತ್ತು ತರಬೇಕು. ಅಡುಗೆಯಾದ ಮೇಲೆ ಶಿಕ್ಷಕರು ರುಚಿ ನೋಡಿ ಪುಸ್ತಕದಲ್ಲಿ ಬರೆದು ಸಹಿ ಹಾಕುವವರೆಗೆ ಬಡಿಸುವಂತಿಲ್ಲ. ಮಕ್ಕಳು ಉಂಡು ಎದ್ದ ಮೇಲೆ ದೊಡ್ಡ ಪಾತ್ರೆಗಳ ತೊಳೆಯುವಿಕೆ. ಇದನ್ನು ದಿನಕ್ಕೆ ನಾಲ್ಕು ಗಂಟೆಯ ಕೆಲಸ ಎಂದು ಕಾಗದದಲ್ಲಿ ಬರೆಯುವವರು ಒಮ್ಮೆ ಆ ಹಂಡೆಯನ್ನು ಎತ್ತಿ ನೋಡಬೇಕು.

ಈ ಕೆಲಸಕ್ಕೆ ಸಿಗುವುದು ಸಂಬಳವಲ್ಲ, ಗೌರವಧನ. ಕೇಂದ್ರದ ಮಾನದಂಡ 2009ರಲ್ಲಿ ತಿಂಗಳಿಗೆ 1,000 ರೂಪಾಯಿ ಎಂದು ನಿಗದಿಯಾಯಿತು, ಅದೂ ವರ್ಷದಲ್ಲಿ ಹತ್ತು ತಿಂಗಳಿಗೆ. ಇಷ್ಟು ವರ್ಷಗಳಾದರೂ ಆ ಸಂಖ್ಯೆ ಕದಲಿಲ್ಲ. ರಾಜ್ಯ ತನ್ನ ಪಾಲು ಸೇರಿಸುತ್ತ ಬಂದಿದೆ, 2025–26ರ ಬಜೆಟ್‌ನಲ್ಲಿ ಇನ್ನೂ 1,000 ರೂಪಾಯಿ ಏರಿತು. ಆಗಲೂ ಒಟ್ಟು ಮೊತ್ತ 5,000 ಮುಟ್ಟಲಿಲ್ಲ. ರಾಜ್ಯದಲ್ಲಿ ಈ ಕೆಲಸ ಮಾಡುವವರು ಒಂದು ಲಕ್ಷಕ್ಕೂ ಹೆಚ್ಚು, ಹೆಚ್ಚುಕಡಿಮೆ ಎಲ್ಲರೂ ಮಹಿಳೆಯರು. ವಿಧವೆಯರು, ಗಂಡ ಬಿಟ್ಟವರು, ಕೂಲಿಕಾರ ಮನೆಗಳ ಹೆಣ್ಣುಮಕ್ಕಳು ಅವರಲ್ಲಿ ಬಹಳ. ಊರಿನ ಮಕ್ಕಳನ್ನು ನೋಡಿಕೊಳ್ಳುವ ಹೊಣೆ ಸಮುದಾಯದ್ದು ಎಂದು ನಾವು ಹೇಳುತ್ತೇವೆ. ಆ ಹೊಣೆಯ ಭಾರ ಅತಿ ಕಡಿಮೆ ಕೂಲಿಯ ಹೆಂಗಸಿನ ಹೆಗಲ ಮೇಲಿದೆ.

ಬೇಯಿಸುವವರು ಯಾರು ಎಂಬ ಪ್ರಶ್ನೆಗೆ ಇನ್ನೊಂದು ಮುಖವಿದೆ. 2004ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್, ಅಡುಗೆಯವರ ನೇಮಕದಲ್ಲಿ ದಲಿತರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದ್ಯತೆ ಕೊಡಬೇಕೆಂದಿತು. ಒಬ್ಬರ ಕೈಯಡುಗೆ ಇನ್ನೊಬ್ಬರು ಉಣ್ಣದ ಸಮಾಜದಲ್ಲಿ ಇದು ಸಣ್ಣ ಮಾತಲ್ಲ. ಸಹಪಂಕ್ತಿ ಭೋಜನವನ್ನು ಸುಧಾರಕರು ಭಾಷಣದಲ್ಲಿ ಹೇಳಿದ್ದರು, ಬಿಸಿಯೂಟ ಅದನ್ನು ಪ್ರತಿ ಮಧ್ಯಾಹ್ನದ ರೂಢಿಯಾಗಿಸಿತು. ಬಹುತೇಕ ಶಾಲೆಗಳಲ್ಲಿ ಮಕ್ಕಳು ಯಾವ ತಕರಾರೂ ಇಲ್ಲದೆ ಸಾಲಾಗಿ ಕೂತು ಉಣ್ಣುತ್ತಾರೆ. ನನ್ನ ದೃಷ್ಟಿಯಲ್ಲಿ ಕಳೆದ ಕಾಲು ಶತಮಾನದಲ್ಲಿ ಜಾತಿಯ ಗೋಡೆಗೆ ಅತಿ ಹೆಚ್ಚು ಪೆಟ್ಟು ಕೊಟ್ಟ ಸರ್ಕಾರಿ ಕಾರ್ಯಕ್ರಮ ಇದೇ. ಆ ಪೆಟ್ಟಿಗೆ ಪ್ರತಿರೋಧವೂ ಬಂದಿದೆ. ಕೋಲಾರ ಜಿಲ್ಲೆಯಲ್ಲಿ, ಇತ್ತೀಚೆಗೆ ಚಾಮರಾಜನಗರ ಜಿಲ್ಲೆಯಲ್ಲಿ, ದಲಿತ ಮಹಿಳೆ ಅಡುಗೆ ಮಾಡುತ್ತಾರೆಂದು ಮಕ್ಕಳು ಊಟ ಬಿಟ್ಟ, ಶಾಲೆಯನ್ನೇ ಬಿಟ್ಟ ವರದಿಗಳು ಬಂದವು. ಮಕ್ಕಳು ತಾವಾಗಿ ತಟ್ಟೆ ದೂಡುವುದಿಲ್ಲ. ಮನೆಯಲ್ಲಿ ಕೇಳಿದ್ದನ್ನು ಶಾಲೆಗೆ ತರುತ್ತಾರೆ. ಅಧಿಕಾರಿಗಳು ಬಂದು ಕೂತು ಉಂಡು ಸಮಾಧಾನ ಮಾಡುತ್ತಾರೆ, ಫೋಟೊ ಬರುತ್ತದೆ. ಅಡುಗೆಯಾಕೆ ಮಾರನೆಯ ದಿನ ಅದೇ ಊರಿನ ಅದೇ ಬೀದಿಯಲ್ಲಿ ನಡೆದು ಬರಬೇಕು.

ನಗರಗಳಲ್ಲಿ ಈ ಪ್ರಶ್ನೆ ಎದುರಾಗದ ಹಾಗೆ ಒಂದು ದಾರಿ ಹುಟ್ಟಿತು. ದೊಡ್ಡ ಯಂತ್ರಗಳ ಕೇಂದ್ರೀಕೃತ ಅಡುಗೆಮನೆಗಳಲ್ಲಿ ಸಾವಿರಾರು ಮಕ್ಕಳಿಗೆ ಒಮ್ಮೆಲೇ ಬೇಯಿಸಿ ವ್ಯಾನಿನಲ್ಲಿ ಕಳಿಸುವ ವ್ಯವಸ್ಥೆ. ಸ್ವಚ್ಛತೆ, ಸಮಯಪಾಲನೆಯಲ್ಲಿ ಅವು ಮುಂದಿವೆ, ಒಪ್ಪಬೇಕು. ಈರುಳ್ಳಿ, ಬೆಳ್ಳುಳ್ಳಿ ಇಲ್ಲದ ಅಡುಗೆಯನ್ನು ಮಕ್ಕಳು ಮೆಚ್ಚುತ್ತಿಲ್ಲ ಎಂಬ ಚರ್ಚೆ 2018–19ರ ಹೊತ್ತಿಗೆ ಜೋರಾಗಿತ್ತು. ನನಗೆ ಹೆಚ್ಚು ಕಾಡುವುದು ಬೇರೆ: ಅಲ್ಲಿ ಊರಿನ ತಾಯಂದಿರಿಗೆ ಕೆಲಸವಿಲ್ಲ, ಊರಿನ ತರಕಾರಿಗೆ ದಾರಿಯಿಲ್ಲ, ಸಾರು ಹುಳಿಯಾದರೆ ಕೇಳಲು ಎದುರಿಗೆ ಯಾರೂ ಇಲ್ಲ.

ಮೊಟ್ಟೆಯ ಜಗಳ ಇದರ ಮುಂದುವರಿಕೆ. ತಮಿಳುನಾಡಿನ ಶಾಲೆಗಳಲ್ಲಿ ದಶಕಗಳಿಂದ ಇರುವ ಮೊಟ್ಟೆ ನಮ್ಮಲ್ಲಿ ಪ್ರಸ್ತಾಪವಾಗಿ ಹಿಂದೆ ಸರಿಯುತ್ತಲೇ ಇತ್ತು. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4ರಷ್ಟು ವಯಸ್ಸಿಗೆ ತಕ್ಕ ಎತ್ತರವಿಲ್ಲದವರು, ಶೇ 65.5ರಷ್ಟು ರಕ್ತಹೀನತೆಯವರು. 2021ರ ಡಿಸೆಂಬರ್‌ನಲ್ಲಿ ಯಾದಗಿರಿ, ರಾಯಚೂರು, ಕಲಬುರಗಿ, ಬೀದರ್, ಕೊಪ್ಪಳ ಮೊದಲಾದ ಜಿಲ್ಲೆಗಳಲ್ಲಿ ಮೊಟ್ಟೆ ಆರಂಭವಾದಾಗ ಕೆಲವು ಮಠಗಳಿಂದ ವಿರೋಧ ಬಂತು. ಬೇಡವೆಂದ ಮಕ್ಕಳಿಗೆ ಬಾಳೆಹಣ್ಣು, ಚಿಕ್ಕಿ ಇದ್ದೇ ಇತ್ತು. ಮಕ್ಕಳನ್ನು ಕೇಳಿದಲ್ಲೆಲ್ಲ ಬಹುಪಾಲು ಕೈಗಳು ಮೊಟ್ಟೆಗೇ ಎದ್ದವು. ಮೊಟ್ಟೆ ಸಿಕ್ಕ ಯಾದಗಿರಿಯ ಮಕ್ಕಳನ್ನೂ ಸಿಗದ ಗದಗದ ಮಕ್ಕಳನ್ನೂ ತೂಗಿ ನೋಡಿದ ಅಧ್ಯಯನದಲ್ಲಿ ಯಾದಗಿರಿಯ ಮಕ್ಕಳ ತೂಕ ಹೆಚ್ಚು ಏರಿತ್ತು. ಮುಂದೆ ಯೋಜನೆ ಇಡೀ ರಾಜ್ಯಕ್ಕೆ ಬಂತು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಷನ್ ಮೂರು ವರ್ಷಕ್ಕೆ ಸುಮಾರು 1,500 ಕೋಟಿ ರೂಪಾಯಿಯ ನೆರವಿಗೆ ಒಪ್ಪಿದ ಮೇಲೆ ವಾರದ ಆರೂ ದಿನ ಮೊಟ್ಟೆ. ತಲಾ ಮೊಟ್ಟೆಗೆ ಇಟ್ಟ 6 ರೂಪಾಯಿಯಲ್ಲೇ ಖರೀದಿ, ಸಾಗಣೆ, ಇಂಧನ, ಸಿಪ್ಪೆ ಸುಲಿಯುವ ಕೂಲಿ ಎಲ್ಲವೂ ಆಗಬೇಕು. ಪೇಟೆಯಲ್ಲಿ ದರ ಏರಿದಾಗ ಮುಖ್ಯ ಶಿಕ್ಷಕರು ಜೇಬಿಗೆ ಕೈಹಾಕುತ್ತಾರೆ.

ಮನೆಯ ತಟ್ಟೆಯ ಕಡೆಗೆ ಬರೋಣ. 2013ರ ಜುಲೈನಲ್ಲಿ ಅನ್ನಭಾಗ್ಯ ಆರಂಭವಾದಾಗ ಕೆ.ಜಿ.ಗೆ ಒಂದು ರೂಪಾಯಿ, ದೊಡ್ಡ ಕುಟುಂಬಕ್ಕೆ ತಿಂಗಳಿಗೆ 30 ಕೆ.ಜಿ. 2015ರಲ್ಲಿ ಅದು ಉಚಿತವಾಯಿತು. ಕೂಲಿಯವರು ಸೋಮಾರಿಗಳಾದರು ಎಂಬ ಮಾತು ಆಗ ಹುಟ್ಟಿ ಇಂದಿಗೂ ಚಾಲ್ತಿಯಲ್ಲಿದೆ. ಮನೆಯಲ್ಲಿ ಅಕ್ಕಿ ಇದ್ದವಳು ಕೊಟ್ಟಷ್ಟು ಕೂಲಿಗೆ ಹೋಗುವುದಿಲ್ಲ, ಇಷ್ಟು ಕೊಟ್ಟರೆ ಬರುತ್ತೇನೆ ಎನ್ನುತ್ತಾಳೆ. ಕಣಜದ ಮುಂದೆ ಕೈಚಾಚಿ ನಿಲ್ಲುತ್ತಿದ್ದವರ ಮೊಮ್ಮಕ್ಕಳಿಗೆ ಬಂದ ಈ ಚೌಕಾಸಿಯ ಶಕ್ತಿಗೆ ಸೋಮಾರಿತನ ಎಂಬ ಹೆಸರು ನ್ಯಾಯವಾದದ್ದಲ್ಲ. 2023ರಲ್ಲಿ ತಲಾ ಹತ್ತು ಕೆ.ಜಿ. ಭರವಸೆಗೆ ಅಕ್ಕಿ ಸಿಗದೆ ಹೆಚ್ಚುವರಿ 5 ಕೆ.ಜಿ. ಬದಲು ತಲಾ 170 ರೂಪಾಯಿ ಖಾತೆಗೆ ಹೋಯಿತು. 2025ರ ಆರಂಭದಲ್ಲಿ ಮತ್ತೆ ಅಕ್ಕಿಯೇ ಬಂತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಸಂಪುಟ, ಆ 5 ಕೆ.ಜಿ. ಬದಲಿಗೆ ಬೇಳೆ, ಎಣ್ಣೆ, ಸಕ್ಕರೆ, ಉಪ್ಪಿನ ಕಿಟ್ ಕೊಡಲು ತೀರ್ಮಾನಿಸಿತು.

ಇಲ್ಲಿ ಹೊಲ ಮತ್ತೆ ಕಾಣಿಸಿಕೊಳ್ಳುತ್ತದೆ. ರಾಗಿಯ ಬೆಂಬಲ ಬೆಲೆ 2017–18ರಲ್ಲಿ ಕ್ವಿಂಟಲ್‌ಗೆ 1,900 ರೂಪಾಯಿ ಇದ್ದದ್ದು ಮರುವರ್ಷವೇ 2,897 ಆಯಿತು, 2025–26ಕ್ಕೆ 4,886. ದಕ್ಷಿಣದ ಜಿಲ್ಲೆಗಳ ಪಡಿತರದಲ್ಲಿ ರಾಗಿ, ಉತ್ತರದಲ್ಲಿ ಜೋಳ ಕೊಡುವ ಕ್ರಮ ಶುರುವಾಗಿ ಬೆಳೆಗಾರನಿಗೂ ಉಣ್ಣುವವನಿಗೂ ನಂಟು ಬೆಸೆಯಿತು. ಶಾಲೆಗಳಲ್ಲಿ 2024ರಿಂದ ವಾರಕ್ಕೆ ಮೂರು ದಿನ ರಾಗಿ ಮಾಲ್ಟ್ ಬಂತು. ಆದರೆ ಬೆಂಬಲ ಬೆಲೆಗೆ ಮಾರಲು ಫ್ರೂಟ್ಸ್ ಐಡಿ ಎಂಬ ರೈತರ ಗುರುತಿನ ಸಂಖ್ಯೆ ಬೇಕು, ನೋಂದಣಿ ಬೇಕು, ಸರದಿ ಬರುವವರೆಗೆ ಕಾಯುವ ತ್ರಾಣ ಬೇಕು, ಹಣ ಜಮೆಯಾಗಲು ಇನ್ನಷ್ಟು ಕಾಯಬೇಕು. ಎರಡೆಕರೆಯವನಿಗೆ ಸಾಲದವನು ಬಾಗಿಲಲ್ಲಿರುತ್ತಾನೆ. ಅವನು ಕಣದಲ್ಲೇ ವ್ಯಾಪಾರಿಗೆ ತೂಗಿ ಕೊಡುತ್ತಾನೆ. ಅನ್ಯರ ಹೊಲವನ್ನು ಗುತ್ತಿಗೆಗೆ ಮಾಡುವವರ ಹೆಸರಿನಲ್ಲಿ ಪಹಣಿಯೇ ಇಲ್ಲವಾದ್ದರಿಂದ ಅವರಿಗೆ ಈ ಬಾಗಿಲು ತೆರೆಯುವುದೇ ಕಷ್ಟ.

ಅಂಗನವಾಡಿಯ ಕಥೆ ಇದಕ್ಕಿಂತ ಹಳೆಯದು. 1975ರ ಅಕ್ಟೋಬರ್ 2ರಂದು ದೇಶದಲ್ಲಿ ಅಂಗನವಾಡಿಗಳ ಮೂಲವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ (ಐಸಿಡಿಎಸ್) ಆರಂಭವಾದಾಗ ಮೈಸೂರು ಜಿಲ್ಲೆಯ ತಿ.ನರಸೀಪುರ ಮೊದಲ ಪ್ರಯೋಗ ಕ್ಷೇತ್ರಗಳಲ್ಲಿ ಒಂದಾಗಿತ್ತು. 2017ರ ಅಕ್ಟೋಬರ್ 2ರಂದು ಮಾತೃಪೂರ್ಣ ಬಂತು: ಗರ್ಭಿಣಿಯರು, ಬಾಣಂತಿಯರು ಅಂಗನವಾಡಿಗೆ ಬಂದು ಬಿಸಿಯೂಟ ಮಾಡುವುದು. ಮನೆಗೆ ಕೊಟ್ಟರೆ ಅವಳ ಪಾಲು ಅವಳಿಗೆ ಸಿಗದು ಎಂಬ ಲೆಕ್ಕ ಸರಿಯಾಗಿತ್ತು. ಆದರೆ ಮಲೆನಾಡಿನ ಚದುರಿದ ಮನೆಗಳಿಂದ ತುಂಬು ಗರ್ಭಿಣಿ ದಿನಾ ನಡೆದು ಬರಲಾರಳು, ಕಾಫಿ ತೋಟದ ಕೂಲಿಯಾಕೆಗೆ ಮಧ್ಯಾಹ್ನ ಬಿಡುವಿಲ್ಲ, ಬಾಣಂತಿಯನ್ನು ಹೊಸಿಲು ದಾಟಿಸದ ಮನೆಗಳೂ ಇವೆ. ಕೇಂದ್ರಕ್ಕೆ ಬಂದವರಿಗಿಂತ ಬಾರದವರ ಬಗ್ಗೆ ಅಂಗನವಾಡಿ ಕಾರ್ಯಕರ್ತೆಗೆ ಹೆಚ್ಚು ತಿಳಿದಿರುತ್ತದೆ. ಯೋಜನೆ ತಿದ್ದುವಾಗ ಆಕೆಯನ್ನು ಕೇಳುವ ಕ್ರಮ ಮಾತ್ರ ಇನ್ನೂ ಬೆಳೆದಿಲ್ಲ.

ಈಗ ಮುಂದಿರುವ ಪ್ರಶ್ನೆಗಳು ನಿರ್ದಿಷ್ಟವಾದವು. ಮೊಟ್ಟೆಗೆ ಬಂದ ಖಾಸಗಿ ನೆರವಿನ ಅವಧಿ 2027ಕ್ಕೆ ಮುಗಿಯುತ್ತದೆ, ಆ ಬಳಿಕ ಆ ಹಣ ರಾಜ್ಯದ ಬಜೆಟ್‌ನಿಂದಲೇ ಬರಬೇಕು. ಕಿಟ್‌ನ ತೊಗರಿಬೇಳೆಯನ್ನು ಟೆಂಡರ್ ಗೆದ್ದವರಿಂದ ಕೊಳ್ಳಬಹುದು, ಕಲಬುರಗಿಯ ತೊಗರಿ ಬೆಳೆಗಾರರ ಸಂಘಗಳಿಂದಲೂ ಕೊಳ್ಳಬಹುದು. ಅಲ್ಲಿನ ತೊಗರಿಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಇದೆ. ಕೇಂದ್ರದ ಕಡತದಲ್ಲಿ ಅಡುಗೆಯವರ ಗೌರವಧನ 2009ರ ಆ 1,000 ರೂಪಾಯಿಯಲ್ಲೇ ಇದೆ. ಅದನ್ನು ಕನಿಷ್ಠ ವೇತನದ ವ್ಯಾಪ್ತಿಗೆ ತರಬೇಕು, ವರ್ಷದ ಹನ್ನೆರಡೂ ತಿಂಗಳು ಕೊಡಬೇಕು, ಕೆಲಸ ಬಿಡುವಾಗ ಇಡಿಗಂಟು ಕೊಡಬೇಕು ಎಂಬ ಬೇಡಿಕೆಪಟ್ಟಿಯನ್ನು ಹಿಡಿದು ಅವರು ಪ್ರತಿ ಬಜೆಟ್‌ಗೂ ಮುಂಚೆ ಬೆಂಗಳೂರಿನ ಬಸ್ಸು ಹತ್ತುತ್ತಿದ್ದಾರೆ.